ಬಿಸಿಲಿನ ಬೆಲೆ

ಕಳೆದ ತಿಂಗಳು ನಮ್ಮ ಮಿತ್ರರೊಬ್ಬರು ಒಂದು ಕಾಗದವನ್ನು ಹಿಡಿದು ಮನೆಗೆ ದಯಮಾಡಿಸಿದರು. ಅವರೂ ನಮ್ಮಂತೆಯೇ ಮೈಸೂರಿನಲ್ಲಿ ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದವರು. ತಾರಸಿಯ ಮೇಲೆ ಮೂರು ಕಿಲೋವ್ಯಾಟಿನ ಸೌರಫಲಕಗಳನ್ನು ಕೂರಿಸುವುದಕ್ಕೆ ವರ್ತಕನೊಬ್ಬನು ಬರೆದುಕೊಟ್ಟ ಲೆಕ್ಕವದು. ಗ್ರಾಚುಯಿಟಿಯಲ್ಲಿ ಉಳಿದಿರುವ ಹಣವನ್ನು ಇದಕ್ಕೆ ತೊಡಗಿಸಬಹುದೇ ಎಂಬುದು ಅವರ ಪ್ರಶ್ನೆ. ಫಲಕದ ಗುಣವನ್ನೂ ಬಿಸಿಲಿನ ಪರಿಮಾಣವನ್ನೂ ಚೆನ್ನಾಗಿ ವಿಚಾರಿಸಿದ್ದ ಅವರು ವಿದ್ಯುಚ್ಛಕ್ತಿಯ ದರವನ್ನು ಮಾತ್ರ ವಿಚಾರಿಸಿರಲಿಲ್ಲ.

ಫಲಕವು ಹಣವನ್ನು ಸೃಷ್ಟಿಸತಕ್ಕುದಲ್ಲ. ನಾವು ಕೊಳ್ಳಬೇಕಾಗಿದ್ದ ಯೂನಿಟ್ಟನ್ನು ಕೊಳ್ಳದಂತೆ ಮಾಡುವುದು, ಅಷ್ಟೆ. ಆದುದರಿಂದ ಆ ಯೂನಿಟ್ಟಿನ ಬೆಲೆಯೆಷ್ಟೋ ಫಲಕದ ಸಂಪಾದನೆಯೂ ಅಷ್ಟೇ. ನಮ್ಮ ಸೀಮೆಯಲ್ಲಿ ಒಂದು ಕಿಲೋವ್ಯಾಟಿನ ಫಲಕವು ದಿನಕ್ಕೆ ಸುಮಾರು 4 ಯೂನಿಟ್ಟು ಕೊಡುವುದು. ಆಷಾಢದ ಮೋಡದಲ್ಲಿ ಕಡಮೆ, ಬೇಸಗೆಯಲ್ಲಿ ಹೆಚ್ಚು. ನೆಟ್ ಮೀಟರಿಂಗ್ ಎಂಬ ಏರ್ಪಾಡಿನಲ್ಲಿ ಹಗಲು ಮಿಕ್ಕ ವಿದ್ಯುತ್ತು ಕಂಪನಿಯ ತಂತಿಗೆ ಹೋಗುವುದು, ರಾತ್ರಿ ಬೇಕಾದುದು ಅಲ್ಲಿಂದ ಬರುವುದು. ತಿಂಗಳ ಕೊನೆಗೆ ವ್ಯತ್ಯಾಸಕ್ಕೆ ಮಾತ್ರ ಬಿಲ್ಲು.

ಮಿತ್ರರ ಮನೆಯ ಖರ್ಚು ತಿಂಗಳಿಗೆ 300 ಯೂನಿಟ್ಟು. ಎರಡು ಕಿಲೋವ್ಯಾಟಿನ ಫಲಕವು 240 ಕೊಟ್ಟರೆ ಕೊಳ್ಳಬೇಕಾದುದು 60. ನಿಯಂತ್ರಣ ಆಯೋಗವು 2023ರಲ್ಲಿ ವಿಧಿಸಿದ ದರದಂತೆ, ಬಳಕೆಯು 100 ಯೂನಿಟ್ಟಿನೊಳಗಿದ್ದರೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ; ಅದನ್ನು ಮೀರಿದರೆ ಅಷ್ಟಕ್ಕೂ 7 ರೂಪಾಯಿ. ಹಾಗೆ 2,100 ರೂಪಾಯಿ 285ಕ್ಕೆ ಇಳಿದು, 1,815 ಉಳಿಯುತ್ತಿದ್ದಿತು. 2024ರಲ್ಲಿ ಈ ಮೆಟ್ಟಲುಗಳನ್ನು ತೆಗೆದು ಎಲ್ಲಕ್ಕೂ ಒಂದೇ ದರವನ್ನಿಟ್ಟರು. 2025ರ ಏಪ್ರಿಲಿನಲ್ಲಿ ಅದು 5 ರೂಪಾಯಿ 80 ಪೈಸೆಯಾಯಿತು. ಅದೇ ಸೂರ್ಯ, ಅದೇ ಫಲಕ. ಉಳಿತಾಯ ಮಾತ್ರ 1,392! ತೆರಿಗೆ ಮೊದಲಾದವುಗಳನ್ನು ನಾವು ಬಿಟ್ಟಿರುವೆವು. ಸಹಾಯಧನ ಕಳೆದು 80,000 ರೂಪಾಯಿ ಕೈಯಿಂದ ಬೀಳುವುದಾದರೆ, ಮೂರು ವರ್ಷ ಎಂಟು ತಿಂಗಳಲ್ಲಿ ಹಿಂದಿರುಗುತ್ತಿದ್ದ ಹಣಕ್ಕೆ ಐದು ವರ್ಷಗಳ ಹತ್ತಿರ ಕಾಯಬೇಕಾಯಿತು.

ದರ ಇಳಿದುದಕ್ಕೆ ಹಿಗ್ಗುವಂತೆಯೂ ಇಲ್ಲ. ಅದೇ ಆಜ್ಞೆಯಲ್ಲಿ ನಿಗದಿತ ಶುಲ್ಕವು ಕಿಲೋವ್ಯಾಟಿಗೆ 120ರಿಂದ 145 ರೂಪಾಯಿಗೆ ಏರಿತು. ಇದು ಮಂಜೂರಾದ ಹೊರೆಯ ಮೇಲಿನ ಕಂದಾಯ. ಎಷ್ಟು ಬಿಸಿಲು ಬಿದ್ದರೂ ಇದು ಕರಗುವುದಿಲ್ಲ.

ಇನ್ನು ವರ್ತಕನ ಮೂರು ಕಿಲೋವ್ಯಾಟಿನ ವಿಷಯ. 2024ರ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿಗೆ 60,000, ಮೂರಕ್ಕೆ 78,000 ರೂಪಾಯಿಯ ಕೇಂದ್ರ ಸಹಾಯಧನವನ್ನು ಗೊತ್ತುಮಾಡಿದರು. ಆ ಹದಿನೆಂಟು ಸಾವಿರವು ಮಿತ್ರರ ಕಣ್ಣು ಕುಕ್ಕಿತ್ತು. ಆದರೆ 360 ಯೂನಿಟ್ಟು ಹುಟ್ಟುವ ಮನೆಯಲ್ಲಿ ಖರ್ಚಾಗುವುದು 300. ಮಿಕ್ಕ 60ನ್ನು ಕಂಪನಿಯು ಕೊಳ್ಳುವ ಬೆಲೆ, ನಮಗೆ ಮಾರುವ ಬೆಲೆಗಿಂತ ಕೆಳಗೆ.

“ಹಾಗಾದರೆ ತಮ್ಮ ತಾರಸಿಯೇಕೆ ಬರಿದಾಗಿದೆ, ಸ್ವಾಮಿ?” ಎಂದು ಅವರು ನಮ್ಮನ್ನೇ ಹಿಡಿದರು. ನಾವು ದಂಪತಿಗಳಿಬ್ಬರೇ, ಖರ್ಚು 110 ಯೂನಿಟ್ಟನ್ನು ಮೀರದು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ನಮ್ಮ ಬಿಲ್ಲು ಶೂನ್ಯವಾಯಿತು. ಶೂನ್ಯದಿಂದ ಕಳೆಯುವುದನ್ನು ನಾವು ಯಾವ ತರಗತಿಯಲ್ಲಿಯೂ ಕಲಿಸಿದವರಲ್ಲ! ಇನ್ನೂರನ್ನು ಮೀರುವ ಅವರ ಮನೆಗೆ ಆ ಪ್ರಯೋಜನವಿಲ್ಲ. ಆದುದರಿಂದಲೇ ಫಲಕವು ಅವರಿಗೆ ಸಲ್ಲುವುದು, ನಮಗೆ ಸಲ್ಲದು.

ಅವರು ಎರಡು ಕಿಲೋವ್ಯಾಟಿಗೇ ಒಪ್ಪಿದರು. ಉಳಿದ ಹಣದಲ್ಲಿ, ಫಲಕ ಕೂರಿಸುವುದಕ್ಕೆ ಮೊದಲು, ಮಳೆಗೆ ಸೋರುತ್ತಿದ್ದ ತಾರಸಿಗೆ ಗಾರೆ ಹಾಕಿಸುತ್ತಿರುವರು.