ಬೆಳಗಿನ ಓಟವೋ, ಸಂಜೆಯ ಆಟವೋ?

ಮಗನೋ ಮಗಳೋ ಎಸ್ಸೆಸ್ಸೆಲ್ಸಿಗೆ ಬಂದರೆಂದರೆ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಸಂಜೆಯ ಆಟ. ಆ ಹೊತ್ತು ಟ್ಯೂಷನ್ನಿನ ಪಾಲಾಗುತ್ತದೆ. ವ್ಯಾಯಾಮ ಬೇಡವೇ ಎಂದರೆ ತಂದೆ-ತಾಯಂದಿರ ಉತ್ತರ ಸಿದ್ಧ: ‘ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಓಡಿಸುತ್ತೇವೆ ಸಾರ್. ಬ್ರಾಹ್ಮೀ ಮುಹೂರ್ತದ ವ್ಯಾಯಾಮವೇ ಶ್ರೇಷ್ಠವಲ್ಲವೇ?’ ರಾತ್ರಿ ಹನ್ನೊಂದೂವರೆಯವರೆಗೆ ಓದಿದ ಮಗು ಐದಕ್ಕೆ ಏಳಬೇಕು! ಇದರಲ್ಲಿ ವಿಜ್ಞಾನವೆಷ್ಟು, ನಂಬಿಕೆಯೆಷ್ಟು?

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್, ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲೇ ಕಾಣದಿದ್ದರೂ ಅದರ ಎಲೆಗಳು ಹಗಲು ಬಿಚ್ಚಿಕೊಂಡು ಇರುಳು ಮುಚ್ಚಿಕೊಳ್ಳುತ್ತಿದ್ದವು. ಗಿಡದೊಳಗೇ ಹೊತ್ತಿನ ಲೆಕ್ಕವಿತ್ತು! ನಮ್ಮ ಮೆದುಳಿನ ತಳದಲ್ಲೂ ಅಂಥದೊಂದು ಜೈವಿಕ ಗಡಿಯಾರವಿದೆ. ಹಣ್ಣಿನ ನೊಣಗಳಲ್ಲಿ ಇಂಥ ಗಡಿಯಾರದ ಜೀನ್‌ಗಳ ಕೆಲಸವನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ನರಿಗೆ 2017ರ ನೊಬೆಲ್ ಬಂತು.

ಈ ಗಡಿಯಾರದ ಪ್ರಕಾರ ದೇಹದ ಉಷ್ಣತೆ ತೀರ ಕೆಳಗಿಳಿಯುವುದು ನಸುಕಿನ ನಾಲ್ಕೈದು ಗಂಟೆಯ ಸುಮಾರಿಗೆ. ಗರಿಷ್ಠ ಮಟ್ಟ ಮುಟ್ಟುವುದು ಸಂಜೆ ಐದರಿಂದ ಏಳರೊಳಗೆ. ವ್ಯತ್ಯಾಸ ಹೆಚ್ಚೆಂದರೆ ಒಂದು ಡಿಗ್ರಿ ಸೆಲ್ಸಿಯಸ್. ಅಷ್ಟಕ್ಕೇ ಸ್ನಾಯುಗಳ ಬಲ, ಚುರುಕು ಬದಲಾಗುತ್ತವೆ. ಚಳಿಗಾಲದ ಬೆಳಿಗ್ಗೆ ಹಳೆಯ ಸ್ಕೂಟರನ್ನು ನಾಲ್ಕಾರು ಸಲ ಒದೆಯಬೇಕಾಗುತ್ತದಲ್ಲ, ಹಾಗೆ.

2004ರಿಂದ 2016ರವರೆಗಿನ ನಾಲ್ಕು ಒಲಿಂಪಿಕ್ಸ್‌ಗಳ ಈಜುಗಾರರ ದಾಖಲೆಗಳನ್ನು ಸಂಶೋಧಕರು ಹೋಲಿಸಿ ನೋಡಿದ್ದಾರೆ. ಸ್ಪರ್ಧೆಗಳು ಬೇರೆಬೇರೆ ಹೊತ್ತಿನಲ್ಲಿ ನಡೆದಿದ್ದವು. ಬೀಜಿಂಗ್‌ನಲ್ಲಂತೂ ಅಮೆರಿಕದ ಟಿ.ವಿ. ವೀಕ್ಷಕರಿಗಾಗಿ ಫೈನಲ್‌ಗಳನ್ನು ಬೆಳಿಗ್ಗೆಯೇ ಇಟ್ಟಿದ್ದರು. ಈಜು ಅತಿ ವೇಗವಾಗಿ ಸಾಗಿದ್ದು ಸಂಜೆ ಐದರ ಆಸುಪಾಸಿನಲ್ಲಿ. ಹೊತ್ತಿನಿಂದಾದ ವ್ಯತ್ಯಾಸ ಶೇಕಡಾ 0.37ರಷ್ಟು. ಅಲ್ಪವೆನ್ನಬೇಡಿ, ಚಿನ್ನಕ್ಕೂ ಬೆಳ್ಳಿಗೂ ನಡುವಿನ ಅಂತರ ಎಷ್ಟೋ ಸಲ ಅದಕ್ಕಿಂತ ಕಡಿಮೆ.

ಬೆಳಗಿನ ವ್ಯಾಯಾಮದವರು ಇನ್ನೊಂದನ್ನು ಗಮನಿಸಬೇಕು. ಬೆನ್ನುಮೂಳೆಯ ಮಣಿಗಳ ನಡುವೆ ‘ಡಿಸ್ಕ್’ ಎಂಬ ಮೆತ್ತೆಗಳಿವೆ. ರಾತ್ರಿ ಮಲಗಿದಾಗ ಅವು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಸುಮಾರು ಒಂದು ಸೆಂಟಿಮೀಟರ್ ಎತ್ತರವಾಗಿರುವುದು ಇದರಿಂದಲೇ. ಎದ್ದ ಕೂಡಲೇ ಬಾಗಿ ಕಾಲ್ಬೆರಳು ಮುಟ್ಟಹೋದರೆ ಉಬ್ಬಿದ ಡಿಸ್ಕ್‌ಗಳ ಮೇಲೆ ಒತ್ತಡ ಹೆಚ್ಚು. ಮೊದಲು ಅರ್ಧ-ಮುಕ್ಕಾಲು ಗಂಟೆ ಓಡಾಡಿಕೊಂಡಿರುವುದು ಲೇಸು.

ಇನ್ನು ಆರೋಗ್ಯದ ಮಾತು. 2018ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಮಧುಮೇಹಿ ಗಂಡಸರಿಂದ ಎರಡು ವಾರ ಬೆಳಿಗ್ಗೆ, ಮತ್ತೆರಡು ವಾರ ಮಧ್ಯಾಹ್ನದ ಮೇಲೆ ಬಿರುಸಿನ ವ್ಯಾಯಾಮ ಮಾಡಿಸಿದ್ದರು. ಮಧ್ಯಾಹ್ನದ್ದು ರಕ್ತದ ಸಕ್ಕರೆಯನ್ನು ಇಳಿಸಿತು, ಬೆಳಗಿನದು ಏರಿಸಿತು. ಆದರೆ ಇದ್ದವರು 11 ಮಂದಿ ಮಾತ್ರ. ನನ್ನ ವಿದ್ಯಾರ್ಥಿ ಹನ್ನೊಂದೇ ಬೀಜ ಬಿತ್ತಿ ಸಿದ್ಧಾಂತ ಬರೆದರೆ ನಾನು ಪೂರ್ತಿ ಅಂಕ ಕೊಡಲಾರೆ.

ದೊಡ್ಡ ಸಮೀಕ್ಷೆಗಳಲ್ಲಾದರೂ ಸ್ಪಷ್ಟ ಉತ್ತರ ಸಿಕ್ಕಿತೇ? ಬ್ರಿಟನ್ನಿನಲ್ಲಿ ಸಾವಿರಾರು ಜನರ ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿ ಮಾಹಿತಿ ಕಲೆಹಾಕಿದ್ದರು. ಅದನ್ನು ಆಧರಿಸಿದ 2022ರ ಲೇಖನವೊಂದು, ಬೆಳಗಿನ ಹೊತ್ತು ಹೆಚ್ಚು ಚಟುವಟಿಕೆಯಿದ್ದವರಲ್ಲಿ ಹೃದ್ರೋಗ ಕಡಿಮೆ ಎಂದಿತು. ಅದೇ ಮಾಹಿತಿಯಿಂದ 2023ರಲ್ಲಿ ಬಂದ ಇನ್ನೊಂದು, ಮಧ್ಯಾಹ್ನದ ಹೊತ್ತಿನ ಚಟುವಟಿಕೆಯವರಲ್ಲಿ ಅಕಾಲ ಮರಣ ಕಡಿಮೆ ಎಂದಿತು! ಕೇಳಿದ ಪ್ರಶ್ನೆಗಳು ಬೇರೆ ನಿಜ. ಆದರೂ ಇಂಥದೇ ಗಂಟೆ ಶ್ರೇಷ್ಠವೆಂದು ಮುದ್ರೆ ಒತ್ತುವ ಕಾಲ ಬಂದಿಲ್ಲ.

ನಿದ್ದೆಯ ವಿಷಯದಲ್ಲಿ ಮಾತ್ರ ಇಂಥ ಗೊಂದಲವಿಲ್ಲ. ಹರೆಯದಲ್ಲಿ ಜೈವಿಕ ಗಡಿಯಾರವೇ ಹಿಂದೆ ಬೀಳುತ್ತದೆ. ನಿದ್ದೆಗೆ ಅಣಿಮಾಡುವ ಮೆಲಟೊನಿನ್ ಹಾರ್ಮೋನು ತಡವಾಗಿ ಸ್ರವಿಸತೊಡಗುತ್ತದೆ. ಮಗ ಬೆಳಿಗ್ಗೆ ಏಳದಿರುವುದು ಬರೀ ಸೋಮಾರಿತನವಲ್ಲ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದರಲ್ಲಿ ಒಂದು ಗಂಟೆ ಕದ್ದು ಓಡಿಸಿದರೆ ಪಾಠದ ವೇಳೆ ತೂಕಡಿಕೆ ಖಚಿತ. ತರಗತಿಯ ಎರಡನೇ ಬೆಂಚಿನಲ್ಲೇ ನಾನದನ್ನು ದಿನವೂ ಕಾಣುತ್ತೇನೆ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆಯೇ ಹೊರತು ಅದು ಬೆಳಿಗ್ಗೆಯೇ ಆಗಬೇಕೆಂದಲ್ಲ. ಶಾಲೆ ಬಿಟ್ಟ ಮೇಲಿನ ಕಬಡ್ಡಿ, ಖೋ ಖೋ ಧಾರಾಳ ಸಾಕು. ಸಂಜೆ ಆಡಿದರೆ ನಿದ್ದೆ ಕೆಡುವುದೆಂಬ ಹೆದರಿಕೆಯೂ ಬೇಡ. ಮಲಗುವುದಕ್ಕೆ ಗಂಟೆಯೊಳಗೆ ತೀರ ಬಿರುಸಿನ ವ್ಯಾಯಾಮ ಮಾಡದಿದ್ದರಾಯಿತು.

ಹಾಗೆಂದು ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ಗಂಟೆಗೆ ಆಡಲು ಹೇಳುವವನು ನಾನಲ್ಲ. ಅಲ್ಲಿ ಬೆಳಗೇ ಸರಿ, ರಾತ್ರಿ ಬೇಗ ಮಲಗಿಸಿ. ದಿನವೂ ಒಂದೇ ವೇಳೆಗೆ ಅಭ್ಯಾಸ ಮಾಡಿದರೆ ಸ್ನಾಯುಗಳು ಆ ವೇಳೆಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿಕೊಂಡು, ಗೋಡೆಯ ಪಕ್ಕ ನಿಂತಲ್ಲಿಂದಲೇ ಜಿಗಿದು ಗುರುತು ಮಾಡಿ. ಬೆಳಿಗ್ಗೆ ಆರಕ್ಕೆ ಮೂರು ಸಲ, ಸಂಜೆ ಆರಕ್ಕೆ ಮೂರು ಸಲ, ಒಂದು ವಾರ. ಸರಾಸರಿ ತೆಗೆದು ನಕ್ಷೆ ಬರೆಯಿರಿ. ಅಪ್ಪನನ್ನೂ ಜಿಗಿಸಿ, ಗೋಡೆಗೆ ಗುರುತಾಯಿತೆಂದು ಅಮ್ಮ ಬೈದರೆ ಅರ್ಧ ಬೈಗುಳ ಅವರಿಗೆ ಹೋಗುತ್ತದೆ.