ನೈಜ ವೇತನ ಬೆಳವಣಿಗೆ

ನೈಜ ವೇತನ ಬೆಳವಣಿಗೆ ಎಂದರೆ ಬೆಲೆ ಏರಿಕೆಯ ಪರಿಣಾಮವನ್ನು ಕಳೆದ ನಂತರ ವೇತನದಲ್ಲಿ ಉಳಿಯುವ ಹೆಚ್ಚಳ. ಕೈಗೆ ಬರುವ ಮೊತ್ತವನ್ನು ಹಣದ ವೇತನವೆಂದೂ, ಆ ಮೊತ್ತದಿಂದ ಕೊಳ್ಳಬಹುದಾದ ಸರಕು ಮತ್ತು ಸೇವೆಗಳ ಪ್ರಮಾಣವನ್ನು ನೈಜ ವೇತನವೆಂದೂ ಕರೆಯಲಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿಯ ಪ್ರಕಾರ ಜಗತ್ತಿನ ಸರಾಸರಿ ನೈಜ ವೇತನವು 2022ರಲ್ಲಿ ಶೇ. 0.9ರಷ್ಟು ಇಳಿದು, 2023ರಲ್ಲಿ ಶೇ. 1.8ರಷ್ಟು ಏರಿತು.

ಲೆಕ್ಕಾಚಾರ

ಹಣದ ವೇತನವನ್ನು ಗ್ರಾಹಕ ಬೆಲೆ ಸೂಚ್ಯಂಕದಿಂದ ಭಾಗಿಸಿ ನೈಜ ವೇತನವನ್ನು ಪಡೆಯಲಾಗುತ್ತದೆ. ಉದಾಹರಣೆಗೆ, ವರ್ಷವೊಂದರಲ್ಲಿ ವೇತನ ಶೇ. 8ರಷ್ಟು, ಬೆಲೆಗಳು ಶೇ. 6ರಷ್ಟು ಏರಿದರೆ ನೈಜ ಹೆಚ್ಚಳ ಸುಮಾರು ಶೇ. 1.9 ಮಾತ್ರ. ಭಾರತದಲ್ಲಿ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಕೇಂದ್ರದ ಕಾರ್ಮಿಕ ಬ್ಯೂರೊ ಪ್ರಕಟಿಸುತ್ತದೆ. ಇದರ ಈಗಿನ ಆಧಾರ ವರ್ಷ 2016.

ತುಟ್ಟಿಭತ್ಯೆ

ತುಟ್ಟಿಭತ್ಯೆಯು ನೈಜ ವೇತನ ಕುಸಿಯದಂತೆ ತಡೆಯುವ ಸಾಧನ. ಅದನ್ನು ಹೆಚ್ಚಿಸುವ ಸಾಧನವಲ್ಲ. ನಿಜವಾದ ಹೆಚ್ಚಳಕ್ಕೆ ಮೂಲ ದರವೇ ಏರಬೇಕು. 1948ರ ಕನಿಷ್ಠ ವೇತನ ಕಾಯಿದೆಯು ಈ ದರವನ್ನು 5 ವರ್ಷ ಮೀರದ ಅವಧಿಯಲ್ಲಿ ಪರಿಶೀಲಿಸಬೇಕೆಂದು ವಿಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಸಾಮಾನ್ಯವಾಗಿ ಇದೇ ಅವಧಿಯಿದೆ.

ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ಸೇರುವ ವ್ಯತ್ಯಸ್ತ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತಿಂಗಳಿಗೆ 417.60 ರೂಪಾಯಿಯನ್ನು ರಾಜ್ಯ ಸರ್ಕಾರ ಒಂದು ವರ್ಷ ಮುಂದೂಡಿತು. ಪಾವತಿಸುವಂತೆ ಹೈಕೋರ್ಟ್ ಸೂಚಿಸಿದರೂ ಅನೇಕ ಸಿದ್ಧ ಉಡುಪು ಕಾರ್ಮಿಕರಿಗೆ ಬಾಕಿ ದೊರೆತದ್ದು 2022ರಲ್ಲಿ.

ಬೆಂಗಳೂರಿನ ಪೂರ್ವ ಭಾಗದಲ್ಲಿ

ಈ ಭಾಗದಲ್ಲಿ ಎಚ್‌ಎಎಲ್, ದೂರವಾಣಿನಗರದ ಐಟಿಐ ಮೊದಲಾದ ಸಾರ್ವಜನಿಕ ಉದ್ದಿಮೆಗಳು ಬೆಳೆದವು. ಬಿಎಚ್‌ಇಎಲ್ ನೌಕರರಿಗೆ ಸಮಾನವಾದ ವೇತನಕ್ಕಾಗಿ ಬೆಂಗಳೂರಿನ ಇಂತಹ ಉದ್ದಿಮೆಗಳ ಕಾರ್ಮಿಕರು 1980ರ ಡಿಸೆಂಬರ್ 26ರಿಂದ 77 ದಿನ ಮುಷ್ಕರ ನಡೆಸಿದರು. ಅಲ್ಲಿ ವೇತನವು ಸಂಘಟಿತ ಒಪ್ಪಂದದಿಂದ ನಿರ್ಧಾರವಾಗುತ್ತಿತ್ತು. ಕುಕ್ ಟೌನ್, ಇಂದಿರಾನಗರದಂತಹ ಬಡಾವಣೆಗಳ ಮನೆಗೆಲಸದವರ ಸ್ಥಿತಿ ಬೇರೆ. ರಾಜ್ಯದಲ್ಲಿ ಮನೆಗೆಲಸಕ್ಕೆ 2004ರಲ್ಲಿಯೇ ಕನಿಷ್ಠ ವೇತನ ನಿಗದಿಯಾಗಿದ್ದರೂ, ಸಂಬಳ ಸಾಮಾನ್ಯವಾಗಿ ಮನೆಯವರೊಂದಿಗಿನ ಮಾತುಕತೆಯಿಂದಲೇ ತೀರ್ಮಾನವಾಗುತ್ತದೆ. ಬೆಲೆ ಏರಿದಾಗ ಅದು ತಾನಾಗಿ ಏರುವುದಿಲ್ಲ.

ಸರಾಸರಿಯ ಮಿತಿ

ಒಂದು ನಗರದ ಸರಾಸರಿ ವೇತನವು ಇಂತಹ ಅಂತರಗಳನ್ನು ಮರೆಮಾಡುತ್ತದೆ. ಕಡಿಮೆ ಸಂಬಳದವರು ಕೆಲಸ ಕಳೆದುಕೊಂಡಾಗ, ಯಾರ ವೇತನವೂ ಹೆಚ್ಚದಿದ್ದರೂ ಉಳಿದವರ ಸರಾಸರಿ ಏರಿದಂತೆ ಕಾಣುತ್ತದೆ. ಆದ್ದರಿಂದ ಸರಾಸರಿಯ ಜೊತೆಗೆ ಮಧ್ಯಾಂಕ ವೇತನ, ಉದ್ಯೋಗದಲ್ಲಿರುವವರ ಸಂಖ್ಯೆ ಮತ್ತು ಕೆಳಸ್ತರದ ವೇತನಗಳನ್ನೂ ಗಮನಿಸಲಾಗುತ್ತದೆ.