ಮಿತವೇ ಸೊಬಗಾದಾಗ

ಮಹಾನಗರದ ಹೊಟೇಲು ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ವೈಭವ: ತೂಗುದೀಪಗಳು, ಅಮೃತಶಿಲೆಯ ಕಂಬಗಳು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ನೂರಾರು ಕೋಣೆಗಳು. ಈ ಕಲ್ಪನೆಗೆ ಪ್ರತಿಯಾಗಿ ಹುಟ್ಟಿದ್ದು ‘ಬುಟಿಕ್’ ಹೊಟೇಲು. ಫ್ರೆಂಚ್ ಭಾಷೆಯಲ್ಲಿ ಬುಟಿಕ್ ಎಂದರೆ ಅಂಗಡಿ. ಎಲ್ಲವನ್ನೂ ಮಾರುವ ಭಾರಿ ಮಳಿಗೆಗೂ ಆಯ್ದ ಕೆಲವನ್ನೇ ಇಟ್ಟ ಪುಟ್ಟ ಅಂಗಡಿಗೂ ಇರುವ ಅಂತರವೇ ಇಲ್ಲಿಯದೂ ಹೌದು.

ಈ ಬಗೆಯ ಮೊದಲಿಗರಲ್ಲಿ ಹೆಸರಾದದ್ದು ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂವಿನಲ್ಲಿ 1984ರಲ್ಲಿ ತೆರೆದ ‘ಮಾರ್ಗನ್ಸ್’. ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್ ಅದರ ಸ್ಥಾಪಕರು. ಒಳಾಂಗಣವನ್ನು ರೂಪಿಸಿದವರು ಫ್ರಾನ್ಸಿನ ಆಂದ್ರೇ ಪುಟ್ಮಾನ್. ಕೈಯಲ್ಲಿದ್ದ ಹಣ ಕಡಿಮೆ. ಆಕೆ ಅಗ್ಗದ ಕಪ್ಪು ಬಿಳಿ ಬಿಲ್ಲೆಗಳನ್ನೇ ಸ್ನಾನಗೃಹದಲ್ಲಿ ಚದುರಂಗದ ಮಣೆಯಂತೆ ಹೊಂದಿಸಿದರು. ಕೊರತೆಯೇ ಶೈಲಿಯಾಯಿತು, ಆ ಬಿಲ್ಲೆಗಳೇ ಹೊಟೇಲಿನ ಗುರುತಾದವು. ಕ್ಷೇಮೇಂದ್ರನು ಕಾವ್ಯದ ಜೀವವೆಂದು ಬಗೆದ ಔಚಿತ್ಯ ಇದಕ್ಕಿಂತ ಬೇರೆಯಲ್ಲ. ಸೊಬಗು ವಸ್ತುವಿನ ಬೆಲೆಯಲ್ಲಿಲ್ಲ, ಅದು ಸಲ್ಲುವೆಡೆಯಲ್ಲಿ ಸಂದಿರುವುದರಲ್ಲಿದೆ.

ಆದರೆ ಈ ಸೊಬಗಿಗೆ ಇನ್ನೊಂದು ಮುಖವೂ ಉಂಟು. ಮಾರ್ಗನ್ಸ್‌ನ ಹೊರಗೆ ಹೆಸರಿನ ಫಲಕವೇ ಇರಲಿಲ್ಲ. ಫಲಕವಿಲ್ಲದ ಬಾಗಿಲು ಬಲ್ಲವನಿಗೆ ತನ್ನ ಮನೆಯ ಬಾಗಿಲಿನಂತೆ ತೋರುತ್ತದೆ. ಅರಿಯದವನಿಗೆ ಅದು ಬರಿಯ ಗೋಡೆ. ‘ಅತಿಥಿ’ ಎಂದರೆ ತಿಥಿಯನ್ನು ಮುಂದಾಗಿ ತಿಳಿಸದೆ ಬರುವವನು ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಇಲ್ಲಿಗೆ ಬರುವವನಾದರೋ ದಿನವನ್ನೂ ದರವನ್ನೂ ನಿಶ್ಚಯಿಸಿಕೊಂಡೇ ಬರುತ್ತಾನೆ. ತನ್ನನ್ನು ಹೆಸರು ಹಿಡಿದು ಕರೆದಾಗ ಅವನಿಗಾಗುವ ಸಂತೋಷ ಸುಳ್ಳಲ್ಲ. ಆದರೆ ಆ ಕರೆಗೂ ಬಾಡಿಗೆಯಲ್ಲಿ ಒಂದು ಪಾಲುಂಟು. ಅಗ್ಗದ ಬಿಲ್ಲೆಯಿಂದ ಹುಟ್ಟಿದ ಅಂದವು ಹೀಗೆ ದುಬಾರಿ ಸರಕಾಯಿತು.

ಮಾರ್ಗನ್ಸ್ 2017ರಲ್ಲಿ ಮುಚ್ಚಿತು. ಅದರ ಮಾದರಿ ಮಾತ್ರ ಲೋಕದ ಮಹಾನಗರಗಳಲ್ಲೆಲ್ಲ ಹಬ್ಬಿದೆ. ಅದರಿಂದ ನಾವು ಕಲಿಯಬೇಕಾದುದು ದರವನ್ನಲ್ಲ, ವಿವೇಕವನ್ನು. ಓದುವವನ ತಲೆಯ ಬಳಿ ಒಂದು ದೀಪ, ಬರೆಯಲು ಅಲುಗಾಡದ ಮೇಜು, ಒಗೆದ ಹಾಸಿಗೆ ಬಟ್ಟೆ, ಒಣಗಿದ ಸ್ನಾನದ ಮನೆ, ಎಲ್ಲಕ್ಕೂ ಮಿಗಿಲಾಗಿ ಬಂದವನನ್ನು ಮನುಷ್ಯನೆಂದು ಕಾಣುವ ಕಣ್ಣು: ಇವಕ್ಕೆ ಸಿರಿತನ ಬೇಕಿಲ್ಲ. ಆಸ್ಪತ್ರೆಗೋ ಪರೀಕ್ಷೆಗೋ ಕಚೇರಿಗೋ ಎಂದು ಮಹಾನಗರಕ್ಕೆ ಬಂದು, ಬಸ್ ನಿಲ್ದಾಣದ ಬಳಿಯ ಲಾಡ್ಜಿನಲ್ಲಿ ಒಂದು ರಾತ್ರಿ ಕಳೆಯುವ ಬಡ ಪ್ರಯಾಣಿಕನಿಗೂ ಅವು ಸಲ್ಲಬೇಕು. ಆ ಕೋಣೆಯಲ್ಲಿ ಔಚಿತ್ಯ ನೆಲೆಸಿದ ದಿನ ನಗರಕ್ಕೆ ನಿಜವಾದ ನಾಗರಿಕತೆ ಬಂದಿತೆನ್ನಬಹುದು.